ದುಬಾರಿ ಫೋನ್ ಕೊಳ್ಳಲೇ?

ಪ್ರಶ್ನೆ: ಮೊಬೈಲ್ ಅಂಗಡಿಯಲ್ಲಿ ಸೇಲ್ಸ್ ಕೆಲಸ ನನ್ನದು. ದಿನವಿಡೀ ದುಬಾರಿ ಫೋನ್ ಹೊಗಳಿ ಹೊಗಳಿ ಈಗ ನನಗೂ ಒಂದು ಬೇಕೆನಿಸಿದೆ. ಮೂರು ತಿಂಗಳ ಸಂಬಳ ಹೋಗುತ್ತದೆ. ತಗೊಳ್ಳಲೇ?

ಉತ್ತರ: ಆರು ವರ್ಷ ನಾನೂ ಕೌಂಟರ್ ಹಿಂದೆ ನಿಂತವಳು. ಸಂಜೆಯ ಕಾಲುನೋವು, ತಿಂಗಳ ಕೊನೆಯ ಟಾರ್ಗೆಟ್ ಎರಡೂ ಗೊತ್ತು. ಆ ದುಡಿಮೆಯ ದುಡ್ಡನ್ನು ಮೆಗಾಪಿಕ್ಸೆಲ್ ನೋಡಿ ಸುರಿಯಬೇಡಿ. ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆಂದು ನೋಡಿ. 2023ರ ಗೂಗಲ್ ಪಿಕ್ಸೆಲ್ 8, 2024ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಎರಡಕ್ಕೂ ಕಂಪನಿಗಳು 7 ವರ್ಷದ ಮಾತು ಕೊಟ್ಟಿವೆ. ಅಂಥ ಫೋನ್ ಎರಡು ವರ್ಷ ಹಳತಾದರೂ ಮುದಿಯಾಗಿರುವುದಿಲ್ಲ. ಸೊರಗುವುದು ಬ್ಯಾಟರಿ, ಅದನ್ನಷ್ಟೇ ಬದಲಿಸಬಹುದು. ಎಕ್ಸ್‌ಚೇಂಜ್‌ಗೆ ಬಂದ ಇಂಥದ್ದೊಂದು ನಿಮ್ಮ ಕೈಗೇ ಮೊದಲು ಸಿಗುತ್ತದಲ್ಲ, ಅದನ್ನು ನೋಡಿ. ಸಾಲ ಮಾತ್ರ ಬೇಡ.