ಅಳು ಬರುತ್ತದೆ, ನಿಲ್ಲಿಸುವುದು ಬರುವುದಿಲ್ಲ: ರಂಗಶಿಕ್ಷಣದ ವಿದ್ಯಾರ್ಥಿನಿಯೊಬ್ಬಳ ಪ್ರಕರಣ

ನಾನು ಆಪ್ತಸಲಹೆಗಾರ್ತಿ. ನನ್ನಲ್ಲಿಗೆ ಬಂದ ಈ ವಿದ್ಯಾರ್ಥಿನಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಶೈಲಾ ಅಂತ ಕರೆಯೋಣ. ವಯಸ್ಸು 23. ಹಾವೇರಿ ಕಡೆಯವಳು. ಧಾರವಾಡದಲ್ಲಿ ಬಿ.ಎ. ಮುಗಿಸಿ ಬೆಂಗಳೂರಿಗೆ ಬಂದು ರಂಗಶಿಕ್ಷಣದ ಕೋರ್ಸ್ ಸೇರಿದ್ದಳು. ವಿಜಯನಗರದ ಪಿಜಿಯಲ್ಲಿ ವಾಸ. ರೂಮಿನ ಗೆಳತಿಯೇ ಫೋನ್ ಮಾಡಿ, ಟೈಮ್ ತಗೊಂಡು, ಜೊತೆಗೆ ಕರೆತಂದಿದ್ದಳು.

ಏನು ತೊಂದರೆ ಅಂತ ಕೇಳಿದೆ. "ಅಳೂದು ಬರ್ತದ್ರಿ ಮೇಡಂ. ನಿಲ್ಲಸೂದು ಬರಂಗಿಲ್ರಿ" ಅಂದಳು.

ರಿಹರ್ಸಲ್ ಮುಗಿಸಿ ಪಿಜಿಗೆ ಬಂದ ಮೇಲೂ ಅಳು. ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಊಟ ಸೇರುತ್ತಿರಲಿಲ್ಲ. ಬೆಳಗಿನ ಕ್ಲಾಸಿಗೆ ಏಳಲು ಆಗುತ್ತಿರಲಿಲ್ಲ. ರಿಹರ್ಸಲ್ ಹಾಲ್‌ನ ಮೆಟ್ಟಿಲು ಹತ್ತುವಾಗಲೇ ಎದೆ ಹೊಡೆದುಕೊಳ್ಳುತ್ತಿತ್ತು. ಇಷ್ಟಕ್ಕೂ ಆಕೆ ಕಂಡುಕೊಂಡ ಕಾರಣ ಒಂದೇ: ತಾನು ನಟಿಯಾಗಲು ಲಾಯಕ್ಕಿಲ್ಲ.

ಮೊದಲ ಭೇಟಿಯಲ್ಲಿ ನಾನು ಸಾಯುವ ಯೋಚನೆ ಬರುತ್ತದಾ ಅಂತ ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಕೇಳಿದರೆ ಹೇಳುವವರಿಗೆ ಹಗುರ ಆಗುತ್ತದೆ. ಶೈಲಾಗೆ ಅಂಥ ಯೋಚನೆ ಇರಲಿಲ್ಲ. ಕೋರ್ಸ್ ಬಿಟ್ಟು ಊರಿಗೆ ಹೋಗುವ ಯೋಚನೆ ಇತ್ತು.

ಕಥೆ ನಿಧಾನವಾಗಿ ಬಂತು. ಕೋರ್ಸ್‌ನಲ್ಲಿ ಹರಿಶ್ಚಂದ್ರನ ಕಥೆ ಆಡಿಸುತ್ತಿದ್ದರು. ಶೈಲಾಗೆ ಚಂದ್ರಮತಿಯ ಪಾತ್ರ. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಮಸಣಕ್ಕೆ ತರುವ ದೃಶ್ಯ. ಅಳು "ಒಳಗಿಂದ" ಬರುತ್ತಿಲ್ಲ ಅಂತ ಮೇಷ್ಟ್ರಿಗೆ ಅನ್ನಿಸಿದೆ. ಒಂದು ಸಂಜೆ ಎಲ್ಲರನ್ನೂ ನೆಲದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ನಿಮ್ಮ ಬದುಕಿನ ದೊಡ್ಡ ಸಾವನ್ನು ನೆನಪಿಸಿಕೊಳ್ಳಿ ಅಂದಿದ್ದಾರೆ. ಆ ದಿನದ ವಾಸನೆ, ಸದ್ದು, ಮುಟ್ಟಿದ ಬಟ್ಟೆ, ಎಲ್ಲವನ್ನೂ.

ಶೈಲಾಳ ಅಪ್ಪ ಎರಡು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡಿದ್ದರು. ಆಗ ಇವಳು ಧಾರವಾಡದಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಕಾಕಾ ಫೋನ್ ಮಾಡಿ "ಅಪ್ಪಗ ಸ್ವಲ್ಪ ಆರಾಮಿಲ್ಲ, ಬಾ" ಅಂದಿದ್ದರು. ನಮ್ಮ ಕಡೆ ಸಾವಿನ ಸುದ್ದಿ ಹೇಳುವ ರೀತಿಯೇ ಹೀಗೆ ಅಲ್ವಾ? ದಾರಿಯಲ್ಲಿ ಮಗು ಹೆದರಬಾರದು ಅಂತ. ಬಸ್ಸಿನಲ್ಲಿ ಕೂತು, ಆಸ್ಪತ್ರೆಗೆ ದುಡ್ಡು ಎಲ್ಲಿಂದ ಹೊಂದಿಸೋದು ಅಂತ ಲೆಕ್ಕ ಹಾಕುತ್ತಾ ಹೋದವಳಿಗೆ ಅಂಗಳದ ತುಂಬ ನಿಂತ ಜನ ನೋಡಿದಾಗಲೇ ವಿಷಯ ಗೊತ್ತಾದದ್ದು. ಇನ್ನೊಂದು ಸಂಗತಿ. ಅಪ್ಪ ಊರ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದರು. ಈ ಮಸಣದ ದೃಶ್ಯಕ್ಕೂ ನುಡಿಸಿದ್ದರು. ಚಿಕ್ಕವಳಿದ್ದಾಗ ಶೈಲಾ ಅವರ ಪಕ್ಕದಲ್ಲೇ ಕೂತು ನೋಡಿದ್ದಳು. ಇದು ಮೇಷ್ಟ್ರಿಗೆ ಗೊತ್ತಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ.

ಆ ಸಂಜೆ ಅವಳ ಅಳು ನೋಡಿ ಹಾಲ್‌ಗೆ ಹಾಲೇ ಸ್ತಬ್ಧವಾಯಿತಂತೆ. ಮೇಷ್ಟ್ರು ಭೇಷ್ ಅಂದರು. ಇದೇ ಬೇಕು, ದಿನಾ ಇದೇ ಬೇಕು ಅಂದರು. ದಿನಾ ಸಂಜೆ ಅವಳು ಆ ಬಸ್ ಹತ್ತತೊಡಗಿದಳು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಇಂಥ ನೆನಪನ್ನು ನಾವು ಆಪ್ತಸಲಹೆಯಲ್ಲೂ ಎತ್ತುತ್ತೇವೆ. ಆದರೆ ಎಷ್ಟು ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ಮಾತಾಡಿಕೊಂಡಿರುತ್ತೇವೆ. ಎತ್ತಿದ್ದಕ್ಕೆ ಒಂದು ಮುಕ್ತಾಯ ಕೊಟ್ಟೇ ಮನೆಗೆ ಕಳಿಸುತ್ತೇವೆ. ರಿಹರ್ಸಲ್‌ನಲ್ಲಿ ಹಾಗಲ್ಲ. ದುಃಖ ಎಲ್ಲಿ ಜಾಸ್ತಿಯಾಗುತ್ತದೋ ಅಲ್ಲಿಗೆ ದೃಶ್ಯ ಮುಗಿಯುತ್ತದೆ. ಚಪ್ಪಾಳೆ ಬೀಳುತ್ತದೆ, ಲೈಟ್ ಆರುತ್ತದೆ, ಎಲ್ಲರೂ ಚಪ್ಪಲಿ ಹುಡುಕಿಕೊಂಡು ಹೊರಡುತ್ತಾರೆ. ಎದೆಬಡಿತ ಮತ್ತು ಉಸಿರಿಗೆ ಅದು ನಾಟಕ ಅಂತ ಗೊತ್ತಾಗುವುದಿಲ್ಲ. ಮೇಷ್ಟ್ರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರಿಗೂ ಯಾರೋ ಹೀಗೇ ಕಲಿಸಿರಬಹುದು. ಆದರೆ ಎಬ್ಬಿಸಲು ಬಂದವರಿಗೆ ಮಲಗಿಸಲೂ ಬರಬೇಕು.

ಶೈಲಾಳದ್ದು ಕಾಯಿಲೆಯ ಮಟ್ಟದ ದುಃಖವೇ? ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರಲ್ಲಿ ದೀರ್ಘಕಾಲದ ಶೋಕ ಅನ್ನುವ ತೊಂದರೆಯನ್ನು ಸೇರಿಸಿದ್ದಾರೆ. ಅದಕ್ಕೆ ಸಾವಾಗಿ ಕನಿಷ್ಠ 6 ತಿಂಗಳು ಕಳೆದಿರಬೇಕು, ದಿನದ ಬದುಕೇ ನಿಂತುಹೋಗುವಷ್ಟು ಕೊರಗು ಬಿಡದೆ ಇರಬೇಕು. ಶೈಲಾ ಅಪ್ಪ ಹೋದ ಮೇಲೆ ಡಿಗ್ರಿ ಮುಗಿಸಿದ್ದಳು, ಕೋರ್ಸ್‌ನ ಸಂದರ್ಶನ ಗೆದ್ದಿದ್ದಳು, ಗೆಳತಿಯರ ಜೊತೆ ನಕ್ಕಿದ್ದಳು. ಹೀಗಾಗಿ ನಾನು ಆ ಹಣೆಪಟ್ಟಿ ಹಚ್ಚಲಿಲ್ಲ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ಮನೋವೈದ್ಯರನ್ನು ನೋಡಲೇಬೇಕು ಅಂದೆ. ರಾತ್ರಿ ಹೊತ್ತು ತಡೆಯಲಾರದಷ್ಟು ಆದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ನಂಬರ್ ಫೋನಿನಲ್ಲಿ ಸೇವ್ ಮಾಡಿಸಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅವಳ ಮನಸ್ಸಿನಲ್ಲಿ ಬೇರೂರಿದ್ದ ನಂಬಿಕೆ ಬೇರೆಯೇ ಇತ್ತು. ಸ್ವಂತ ಗಾಯ ಕೆದಕಿಕೊಳ್ಳದವರು ನಿಜವಾದ ನಟರಲ್ಲ ಅನ್ನುವುದು. ಇದನ್ನು ನಾನು ಬರೀ ಸಮಾಧಾನ ಹೇಳಿ ಕಳೆಯಲು ಹೋಗಲಿಲ್ಲ. ಈ ಅಭ್ಯಾಸದ ಮೂಲ ರಷ್ಯಾದ ನಾಟಕ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯಲ್ಲಿದೆ. ನಟ ತನ್ನ ಭಾವನೆಯ ನೆನಪಿನಿಂದ ಪಾತ್ರ ಕಟ್ಟಬಹುದು ಅಂದವರು ಅವರೇ. ಆದರೆ ಕೊನೆಯ ವರ್ಷಗಳಲ್ಲಿ ಅವರು ಒತ್ತು ಕೊಟ್ಟದ್ದು ದೈಹಿಕ ಕ್ರಿಯೆಗೆ. ಪಾತ್ರ ಏನು ಮಾಡುತ್ತದೆ ಅನ್ನುವುದನ್ನು ಸರಿಯಾಗಿ ಮಾಡಿ, ಭಾವನೆ ಹಿಂದೆಯೇ ಬರುತ್ತದೆ ಅನ್ನುವ ದಾರಿ ಅದು. ಅಮೆರಿಕದ ನಟಿ ಸ್ಟೆಲ್ಲಾ ಆಡ್ಲರ್ 1934ರಲ್ಲಿ ಪ್ಯಾರಿಸ್‌ನಲ್ಲಿ ಅವರನ್ನು ಕಂಡು, ವಾಪಸ್ ಹೋಗಿ ತನ್ನ ತಂಡದಲ್ಲಿ ಇದೇ ವಿಷಯಕ್ಕೆ, ನಟರ ಸ್ವಂತ ನೆನಪಿಗೇ ಒತ್ತು ಕೊಡುತ್ತಿದ್ದ ನಿರ್ದೇಶಕ ಲೀ ಸ್ಟ್ರಾಸ್‌ಬರ್ಗ್ ಜೊತೆ ಜಗಳಕ್ಕೆ ನಿಂತರು. ಅಂದರೆ ದೊಡ್ಡವರೇ ಒಪ್ಪದ ವಿಷಯ ಇದು.

ರಂಗಭೂಮಿಯವರು ಹೇಳುವ ಒಂದು ಕಥೆಯನ್ನೂ ಹೇಳಿದೆ. ಸ್ತಾನಿಸ್ಲಾವ್‌ಸ್ಕಿಯ ಶಿಷ್ಯ ಮೈಕಲ್ ಚೆಕೊವ್ ಇಂಥದೇ ಅಭ್ಯಾಸದಲ್ಲಿ ತನ್ನ ಅಪ್ಪನ ಶವಸಂಸ್ಕಾರವನ್ನು ಕಣ್ಣಿಗೆ ಕಟ್ಟುವಂತೆ ಅಭಿನಯಿಸಿದನಂತೆ. ಗುರು ಮೆಚ್ಚಿ ತಬ್ಬಿಕೊಂಡರು. ಆಮೇಲೆ ಗೊತ್ತಾಯಿತು, ಅಪ್ಪ ಇನ್ನೂ ಬದುಕಿದ್ದರು! ಶೈಲಾ ನನ್ನ ರೂಮಿನಲ್ಲಿ ಮೊದಲ ಸಲ ನಕ್ಕಿದ್ದು ಆಗ.

"ಚಂದ್ರಮತಿ ಆ ದೃಶ್ಯದಲ್ಲಿ ಏನು ಮಾಡ್ತಾಳೆ?" ಅಂತ ಕೇಳಿದೆ.

"ಅಳ್ತಾಳ್ರಿ."

"ಅದು ಬಿಟ್ಟು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಒಂದೊಂದಾಗಿ ಬಂತು. ಮಗನ ಕಾಲಿನ ಮಣ್ಣು ಒರೆಸುತ್ತಾಳೆ. ಹಾವು ಕಚ್ಚಿದ ಜಾಗ ಹುಡುಕುತ್ತಾಳೆ. ಕತ್ತಲಲ್ಲಿ ಸೌದೆ ಒಟ್ಟಬೇಕು. ಮಸಣ ಕಾಯುವವನು ಸುಂಕ ಕೇಳುತ್ತಾನೆ, ಕೈಯಲ್ಲಿ ಕಾಸಿಲ್ಲ, ಅವನ ಜೊತೆ ವಾದ ಮಾಡಬೇಕು. "ಆಕಿಗೆ ಅಳಾಕ ಪುರುಸೊತ್ತ ಇಲ್ರಿ ಮೇಡಂ" ಅಂದಳು, ತಾನೇ ಬೆರಗಾಗಿ. ನಾನು ನಾಟಕ ಕಲಿಸುವವಳಲ್ಲ. ಇದು ಅವಳೇ ಹುಡುಕಿಕೊಂಡದ್ದು. ಈ ಕೆಲಸಗಳನ್ನೇ ಬರೆದುಕೊಂಡು ರಿಹರ್ಸಲ್‌ನಲ್ಲಿ ಗಮನವೆಲ್ಲ ಅದರ ಮೇಲಿಡುವುದು ಅಂತ ತೀರ್ಮಾನವಾಯಿತು.

ಎರಡನೆಯ ಸಲಹೆ ಪಾತ್ರದಿಂದ ಹೊರಬರುವುದರ ಬಗ್ಗೆ. ಯಕ್ಷಗಾನದವರು ಚೌಕಿಗೆ, ಅಂದರೆ ಬಣ್ಣ ಹಚ್ಚುವ ಕೋಣೆಗೆ ಬಂದು ಎಣ್ಣೆ ಹಚ್ಚಿ ಬಣ್ಣ ತೆಗೆಯುವಾಗ ಅದಕ್ಕೆಂದೇ ಒಂದಷ್ಟು ಹೊತ್ತು ಸಿಗುತ್ತದೆ. ರಿಹರ್ಸಲ್‌ನಲ್ಲಿ ಬಣ್ಣವೇ ಇರುವುದಿಲ್ಲ, ಹಾಗಾಗಿ ತೆಗೆಯುವುದೂ ಇಲ್ಲ. ಚಿಲಿಯ ವಿಜ್ಞಾನಿ ಸುಸಾನಾ ಬ್ಲಾಕ್ ಉಸಿರು, ಭಂಗಿ, ಮುಖಭಾವದಿಂದಲೇ ಭಾವನೆ ತರುವ ಪದ್ಧತಿ ರೂಪಿಸಿದ್ದಾರೆ. ಅದರಲ್ಲಿ ಹೊರಬರುವ ಹೆಜ್ಜೆಯೂ ಪಾಠದ ಭಾಗ: ನಿಧಾನವಾಗಿ ಪೂರ್ತಿ ಉಸಿರಾಟ, ಮೈ ಸಡಿಲಿಸಿ ಭಂಗಿ ಬದಲಿಸುವುದು, ಕೈಯಿಂದ ಮುಖ ಮುಟ್ಟಿಕೊಳ್ಳುವುದು. ನಾವು ಅದಕ್ಕೆ ನಮ್ಮದನ್ನೂ ಸೇರಿಸಿದೆವು. ದೃಶ್ಯಕ್ಕೆ ಮಾತ್ರ ಉಡುವ ಒಂದು ಹಳೆ ಸೀರೆ ಇಟ್ಟುಕೊಂಡು, ಮುಗಿದ ತಕ್ಷಣ ಅದನ್ನು ಮಡಿಚಿಡುವುದು. ಮುಖ ತೊಳೆಯುವುದು. ಗೆಳತಿ ಅವಳ ಸ್ವಂತ ಹೆಸರು ಕರೆದು, ರಾತ್ರಿ ಊಟಕ್ಕೆ ಏನು ಅಂತ ಕೇಳುವುದು. ಒಬ್ಬಳೇ ಬಸ್ ಹತ್ತದಿರುವುದು. ಊಟಕ್ಕೆ ಮೊದಲು ಅಮ್ಮನಿಗೆ ಫೋನ್ ಮಾಡದಿರುವುದು, ಯಾಕೆಂದರೆ ಅಮ್ಮ ದನಿಯಲ್ಲೇ ಕಂಡುಹಿಡಿದು "ಬಿ.ಎಡ್. ಮಾಡು ಅಂದಿದ್ನಿ" ಅಂತ ಶುರುಮಾಡುತ್ತಿದ್ದರು.

ಮೂರನೆಯದೇ ಅವಳಿಗೆ ಕಷ್ಟವಾದದ್ದು. ಮೇಷ್ಟ್ರಿಗೆ ಹೇಳುವುದು. ನಾಟಕದಲ್ಲಿ ಗುರುವಿನ ಮಾತಿಗೆ ಇಲ್ಲ ಅಂದರೆ ಮುಂದಿನ ಪಾತ್ರ ಹೋಗುತ್ತದೆ ಅನ್ನುವ ಭಯ ಸುಳ್ಳಲ್ಲ. ಅದಕ್ಕೆ "ಆಗಲ್ಲ" ಅನ್ನದೆ "ಹೀಗೆ ಮಾಡ್ತೀನಿ" ಅನ್ನುವ ಮಾತು ಕಟ್ಟಿದೆವು: "ಸರ್, ಈ ಪಾತ್ರ ನನಗೆ ಬೇಕು. ಅಪ್ಪನ ನೆನಪು ಮಾತ್ರ ಬಳಸಲ್ಲ. ಬೇರೆ ದಾರಿ ಹುಡುಕಿದ್ದೇನೆ, ನೋಡಿ ಹೇಳಿ." ಇಷ್ಟೇ ಸಾಕು, ಕಥೆಯೆಲ್ಲ ಬಿಚ್ಚಬೇಕಿಲ್ಲ. ಒಪ್ಪದಿದ್ದರೆ ಕೋರ್ಸ್‌ನ ಮುಖ್ಯಸ್ಥರಿಗೆ ಬರೆದು ಕೊಡುವುದು. ನಾನೇ ಮೇಷ್ಟ್ರಾಗಿ ಅಭ್ಯಾಸ ಮಾಡಿಸಿದೆ. "ನಿಮ್ಮ ಆಕ್ಟಿಂಗ್ ಚಲೋ ಇಲ್ರಿ ಮೇಡಂ" ಅಂತ ಸರ್ಟಿಫಿಕೇಟ್ ಸಿಕ್ಕಿತು.

ಮೇಷ್ಟ್ರು ಮೊದಲು ಮುಖ ಸಿಂಡರಿಸಿದರಂತೆ. ದೃಶ್ಯ ನೋಡಿದ ಮೇಲೆ ಸುಂಕದ ವಾದವನ್ನು ಇನ್ನೂ ಉದ್ದ ಮಾಡಲು ಹೇಳಿದರು. ಪ್ರದರ್ಶನಗಳಲ್ಲಿ ಒಂದು ದಿನ ಕಣ್ಣೀರು ಬಂತು, ಇನ್ನೊಂದು ದಿನ ಬರಲಿಲ್ಲ. ನೋಡುವವರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಅದು ಅವಳಿಗೆ ಖುಷಿಗಿಂತ ಅವಮಾನದ ಹಾಗೆ ಕಂಡಿತು! ನಿದ್ದೆ ಅಷ್ಟರೊಳಗೆ ಹದಕ್ಕೆ ಬಂದಿತ್ತು, ಮನೋವೈದ್ಯರ ಅಗತ್ಯ ಬೀಳಲಿಲ್ಲ.

ಅಪ್ಪನ ವಿಷಯವನ್ನು ನಾಟಕದಿಂದ ಬೇರ್ಪಡಿಸಿ ಬೇರೆ ಭೇಟಿಗಳಲ್ಲಿ ಮಾತಾಡಿದೆವು. ಅಲ್ಲಿ ಹೊರಬಂದದ್ದು ದುಃಖಕ್ಕಿಂತ ಕಾಕಾನ ಮೇಲಿನ ಸಿಟ್ಟು. ದೀಪಾವಳಿಗೆ ಊರಿಗೆ ಹೋದಾಗ ಕೇಳಿಯೇಬಿಟ್ಟಳು, ಯಾಕೆ ಸುಳ್ಳು ಹೇಳಿದಿರಿ ಅಂತ. ಕಾಕಾ ಅವತ್ತು ಫೋನ್ ಇಟ್ಟ ಮೇಲೆ ಏನಾಯಿತು ಅಂತ ಹೇಳಿದರು. ಅದು ಮನೆಯ ಮಾತು, ಇಲ್ಲಿ ಬೇಡ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಬೆಂಗಳೂರಿನಲ್ಲಿ ಈಗ ವೀಕೆಂಡ್ ವರ್ಕ್‌ಶಾಪ್‌ಗಳು ಜಾಸ್ತಿ. ಕೆಲವರು ನಟನೆ ಕಲಿಸುತ್ತಾ ಮನಸ್ಸಿನ ಗಾಯವನ್ನೂ ವಾಸಿಮಾಡುತ್ತೇವೆ ಅನ್ನುತ್ತಾರೆ. ಡ್ರಾಮಾ ಥೆರಪಿ ಅನ್ನುವುದು ಬೇರೆ ತರಬೇತಿ ಬೇಡುವ ಬೇರೆ ಕೆಲಸ. ಎರಡನ್ನೂ ಒಬ್ಬರೇ ಒಂದೇ ಮಧ್ಯಾಹ್ನದಲ್ಲಿ ಮಾಡುತ್ತೇನೆ ಅಂದರೆ, ಏನು ಓದಿದ್ದೀರಿ ಅಂತ ಕೇಳಿ.

ಶೈಲಾ ಈಗ ಮುಂದಿನ ಓದಿನ ಲೆಕ್ಕದಲ್ಲಿದ್ದಾಳೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಡಿಪ್ಲೊಮಾ ಮನಸ್ಸಿನಲ್ಲಿದೆ. ಅದಕ್ಕೆ ಡಿಗ್ರಿಯ ಜೊತೆ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವೂ ಬೇಕು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದ ಹೆಸರೂ ಬಂತು. 1980ರಿಂದ ನಡೆಯುತ್ತಿರುವ ಕೇಂದ್ರ ಅದು, ಅಲ್ಲೇ ಉಳಿದು ಕಲಿಯುವುದು. ಯಾವುದು ಒಳ್ಳೆಯದು ಅಂತ ನಾನು ಹೇಳಲಿಲ್ಲ, ಅದು ನನ್ನ ಕೆಲಸವೂ ಅಲ್ಲ. ಹಗಲೂ ರಾತ್ರಿ ಅದೇ ಜನರ ಜೊತೆ, ಅದೇ ಆವರಣದಲ್ಲಿ ಇರುವಾಗ ಪಾತ್ರದಿಂದ ಹೊರಬರುವ ಅಭ್ಯಾಸ ಇನ್ನೂ ಮುಖ್ಯ ಅಂದೆ. ಎಲ್ಲಿಗೇ ಅರ್ಜಿ ಹಾಕುವ ಮೊದಲೂ ಅಲ್ಲಿ ಓದುತ್ತಿರುವವರಿಗೆ ಫೋನ್ ಮಾಡಿ ಕೇಳು ಅಂದೆ: ಅಭ್ಯಾಸದ ಮಧ್ಯೆ ಸಾಕು ಅಂದರೆ ನಿಲ್ಲಿಸುತ್ತಾರಾ? ಭಾರವಾದ ಕ್ಲಾಸ್ ಆದ ಮೇಲೆ ಏನು ಮಾಡಿಸುತ್ತಾರೆ? ಮಾತಾಡಲು ಯಾರಿದ್ದಾರೆ?

ಇಬ್ಬರು ಸೀನಿಯರ್‌ಗಳಿಗೆ ಫೋನ್ ಮಾಡಿದ್ದಳು. ಒಬ್ಬರು ಅರ್ಧ ಗಂಟೆ ಮಾತಾಡಿದರಂತೆ. ಇನ್ನೊಬ್ಬರು "ಇಷ್ಟು ಕೇಳೋರು ನಾಟಕಕ್ಕೆ ಯಾಕೆ ಬರ್ತೀರಿ" ಅಂತ ನಕ್ಕರಂತೆ. ಶೈಲಾ ಎರಡೂ ಕಡೆ ಅರ್ಜಿ ಹಾಕುತ್ತಿದ್ದಾಳೆ.