ಓದುಗರ ಪ್ರಶ್ನೆ: ಇಂಟರ್ನೆಟ್ಟು ಬರೋದು ಆಕಾಶದಿಂದಲ್ಲ, ಸಮುದ್ರದ ತಳದಿಂದ

ಪ್ರಶ್ನೆ: ಮಗಳು ಲಂಡನ್ನಲ್ಲಿದ್ದಾಳೆ, ದಿನಾ ವಾಟ್ಸಾಪ್ ವಿಡಿಯೋ ಕಾಲ್ ಮಾಡ್ತಾಳೆ. ಅದು ಸ್ಯಾಟಲೈಟಿಂದ ಬರತ್ತೆ ಅಂತ ನಮ್ಮ ಯಜಮಾನ್ರು, ಅಲ್ಲ ಸಮುದ್ರದಲ್ಲಿ ವೈರ್ ಇದೆ ಅಂತ ಮೊಮ್ಮಗ. ಯಾರು ಸರಿ? (ಕುಂದಾಪುರದ ಓದುಗರು)

ಮೊಮ್ಮಗನೇ ಸರಿ ಅಮ್ಮಾ. ಒಂದು ಖಂಡದಿಂದ ಇನ್ನೊಂದು ಖಂಡಕ್ಕೆ ಹೋಗೋ ಡೇಟಾದಲ್ಲಿ ನೂರಕ್ಕೆ 95ಕ್ಕಿಂತ ಜಾಸ್ತಿ ಸಮುದ್ರದ ತಳದ ಕೇಬಲ್ ಮೇಲೇನೇ ಓಡೋದು. ನಿಮ್ಮ ಫೋನಿಂದ ಟವರ್ ವರೆಗೆ ಮಾತ್ರ ಗಾಳಿ, ಆಮೇಲೆ ಸಾಮಾನ್ಯವಾಗಿ ನೆಲದಡಿ ಫೈಬರ್ (ಗಾಜಿನ ಎಳೆಯ ಕೇಬಲ್) ಹಿಡ್ಕೊಂಡು ಮುಂಬೈಯಂಥ ಊರಿಗೆ ಹೋಗಿ, ಅರಬ್ಬಿ ಸಮುದ್ರಕ್ಕಿಳಿದು, ಕೆಂಪು ಸಮುದ್ರ ಹಾದು, ಈಜಿಪ್ಟಲ್ಲಿ ನೆಲದ ಮೇಲೆ ದಾಟಿ, ಮತ್ತೆ ಮೆಡಿಟರೇನಿಯನ್ ಸಮುದ್ರಕ್ಕೆ ಬಿದ್ದು ಫ್ರಾನ್ಸಿನ ಮಾರ್ಸೇ ಹತ್ರ ದಡ ಹತ್ತಿ ಲಂಡನ್ ಸೇರೋದು ಒಂದು ಮುಖ್ಯ ದಾರಿ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡೋದ್ರಿಂದ ಹೋಗಿ ಬರೋಕೆ ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಸಮಯ ಸಾಕು.

ಯಜಮಾನ್ರು ಹೇಳೋ ಹಳೇ ಥರದ ಸ್ಯಾಟಲೈಟ್ ಇರೋದು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ನೀವು "ಊಟ ಆಯ್ತಾ" ಅಂತ ಕೇಳಿದ್ಮೇಲೆ ಉತ್ತರ ವಾಪಸ್ ಬರೋಕೆ ಅರ್ಧ ಸೆಕೆಂಡ್ ಬರೀ ದಾರೀಲೇ ಹೋಗತ್ತೆ. ಈಗಿನ ಸ್ಟಾರ್‌ಲಿಂಕ್ ಥರದ್ದು ಸುಮಾರು 500 ಕಿಲೋಮೀಟರ್ ಎತ್ತರದಲ್ಲಿದೆ, ವೈರ್ ಹೋಗದ ಜಾಗಕ್ಕೆ ನಿಜವಾಗ್ಲೂ ಒಳ್ಳೇದು, ಆದ್ರೆ ಅದರ ಡೇಟಾನೂ ಎಲ್ಲೋ ಒಂದು ಕಡೆ ಕೆಳಗಿಳಿದು ಫೈಬರ್ ಸೇರ್ಲೇಬೇಕು.

ವ್ಯತ್ಯಾಸ ಎಷ್ಟು ಅಂತ ತಿಳೀಬೇಕಾದ್ರೆ ನಮ್ಮ ಪಕ್ಕದ ಲಕ್ಷದ್ವೀಪ ನೋಡಿ. ಅಲ್ಲಿ ತುಂಬಾ ವರ್ಷ ಸ್ಯಾಟಲೈಟ್ ಒಂದೇ ಗತಿಯಾಗಿತ್ತು, ಎಲ್ಲಾ ಸೇರಿ 1.7 ಜಿಬಿಪಿಎಸ್ (ಸೆಕೆಂಡಿಗೆ ಎಷ್ಟು ಗಿಗಾಬಿಟ್ ಡೇಟಾ ಹೋಗತ್ತೆ ಅನ್ನೋ ಲೆಕ್ಕ). 2024ರ ಜನವರಿಯಲ್ಲಿ ಕೊಚ್ಚಿಯಿಂದ ಎಳೆದ ಕೇಬಲ್ ಉದ್ಘಾಟನೆ ಆದಾಗ ಸರ್ಕಾರ ಹೇಳಿದ ಲೆಕ್ಕ 200 ಜಿಬಿಪಿಎಸ್.

ಪ್ರಶ್ನೆ: ಕೆಂಪು ಸಮುದ್ರದಲ್ಲಿ ಕೇಬಲ್ ಕಟ್ ಆದ್ರೆ ನಮ್ಮಲ್ಲಿ ಯಾಕೆ ಸ್ಲೋ ಆಗತ್ತೆ? ಅದೂ ಯೂಟ್ಯೂಬ್ ಚೆನ್ನಾಗೇ ಬರ್ತಿರತ್ತೆ, ಆಫೀಸ್ ವಿಪಿಎನ್ (ಮನೆಯಿಂದ ಆಫೀಸ್ ನೆಟ್ವರ್ಕ್ ಸೇರೋ ಸುರಕ್ಷಿತ ದಾರಿ) ಮಾತ್ರ ಸಾಯತ್ತೆ. (ಹಾವೇರಿಯ ಓದುಗರು, ವರ್ಕ್ ಫ್ರಮ್ ಹೋಮ್)

ಭಾರತದಿಂದ ಯೂರೋಪಿಗೆ ಹೋಗೋ ಹೆಚ್ಚಿನ ಕೇಬಲ್‌ಗಳು ಒಂದೇ ಇಕ್ಕಟ್ಟಾದ ದಾರೀಲಿ ತೂರ್ತವೆ, ಕೆಂಪು ಸಮುದ್ರ ಮತ್ತೆ ಈಜಿಪ್ಟ್. ಅಲ್ಲಿ ಏನಾದ್ರೂ ಆದ್ರೆ ಎರಡು ಮೂರು ಕೇಬಲ್ ಒಟ್ಟಿಗೇ ಹೋಗತ್ತೆ. 2008ರ ಜನವರಿ ಕೊನೇಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಹತ್ರ ಎರಡು ಕೇಬಲ್ ತುಂಡಾದಾಗ ಭಾರತದ ಹೊರದೇಶದ ಬ್ಯಾಂಡ್‌ವಿಡ್ತ್ ಸುಮಾರು ಅರ್ಧ ಹೋಗಿತ್ತು, ಬೆಂಗಳೂರಿನ ಬಿಪಿಓಗಳಲ್ಲಿ ಆಗ ಕೆಲಸ ಮಾಡಿದವ್ರಿಗೆ ನೆನಪಿರಬೇಕು. 2024ರ ಫೆಬ್ರವರಿಯಲ್ಲಿ ಯೆಮೆನ್ ದೇಶದ ಹೂತಿ ಬಂಡುಕೋರರ ಕ್ಷಿಪಣಿ ಬಿದ್ದ ರೂಬಿಮಾರ್ ಅನ್ನೋ ಹಡಗನ್ನ ಸಿಬ್ಬಂದಿ ಬಿಟ್ಟು ಹೋದ್ರು, ಅದು ಲಂಗರು ಎಳ್ಕೊಂಡು ತೇಲ್ತಾ ಹೋಗಿ ಮೂರು ಕೇಬಲ್ ಹರೀತು ಅನ್ನೋದು ತಜ್ಞರ ಅಂದಾಜು. 2025ರ ಸೆಪ್ಟೆಂಬರಲ್ಲಿ ಸೌದಿಯ ಜೆಡ್ಡಾ ಹತ್ರ ಮತ್ತೆ ಕಟ್ ಆಯ್ತು, ಭಾರತ ಪಾಕಿಸ್ತಾನ ದುಬೈ ಎಲ್ಲಾ ಕಡೆ ಸ್ಲೋ.

ಹೀಗಾದಾಗ ಡೇಟಾ ಪೂರ್ತಿ ನಿಲ್ಲಲ್ಲ, ಚೆನ್ನೈಯಿಂದ ಸಿಂಗಾಪುರ, ಅಲ್ಲಿಂದ ಪೆಸಿಫಿಕ್ ದಾಟಿ ಅಮೆರಿಕ ಸುತ್ಕೊಂಡಾದ್ರೂ ಯೂರೋಪ್ ಸೇರತ್ತೆ. ದಾರಿ ಉದ್ದ, ಜೊತೆಗೆ ಎಲ್ರೂ ಅಲ್ಲೇ ನುಗ್ಗೋದ್ರಿಂದ ಜಾಮ್. ನಿಮ್ಮ ಕಂಪನಿ ಸರ್ವರ್ ಯೂರೋಪಲ್ಲಿದ್ರೆ ವಿಪಿಎನ್ ಒದ್ದಾಡೋದು ಇದಕ್ಕೇ. ಯೂಟ್ಯೂಬ್ ವಿಡಿಯೋದ ಕಾಪಿ ಮಾತ್ರ ಮೊದಲೇ ಭಾರತದಲ್ಲೇ, ಎಷ್ಟೋ ಸಲ ನಿಮ್ಮ ಇಂಟರ್ನೆಟ್ ಕಂಪನಿಯ ಕಟ್ಟಡದಲ್ಲೇ ಇಟ್ಟ ಸರ್ವರಲ್ಲಿ ಇರತ್ತೆ, ಹಾಗಾಗಿ ಅದು ಸಮುದ್ರ ದಾಟೋ ಪ್ರಮೇಯನೇ ಬರಲ್ಲ.

ರಿಪೇರಿ ಬಗ್ಗೆನೂ ಹೇಳ್ಬೇಕು, ಯಾಕಂದ್ರೆ ಆ ಕೆಲಸ ಮಾಡೋರ ಬಗ್ಗೆ ನಂಗೆ ತುಂಬಾ ಗೌರವ. ದಡದಿಂದ ಬೆಳಕಿನ ಪಲ್ಸ್ ಬಿಟ್ಟು ಅದು ವಾಪಸ್ ಬರೋ ಸಮಯ ಅಳೆದು ಎಲ್ಲಿ ತುಂಡಾಗಿದೆ ಅಂತ ಲೆಕ್ಕ ಹಾಕ್ತಾರೆ, ಆಮೇಲೆ ಹಡಗು ಅಲ್ಲಿಗೆ ಹೋಗಿ ಕೊಕ್ಕೆ ಇಳಿಬಿಟ್ಟು, ಕೆಲವು ಕಡೆ ನಾಲ್ಕೈದು ಕಿಲೋಮೀಟರ್ ಆಳದಿಂದ, ಒಂದು ತುದಿ ಎತ್ತಿ ತೇಲುಬುರುಡೆಗೆ ಕಟ್ಟಿ, ಇನ್ನೊಂದು ತುದಿ ಹುಡುಕಿ ತಂದು, ಮಧ್ಯೆ ಹೊಸ ತುಂಡು ಸೇರಿಸಿ, ಒಂದೊಂದೇ ಗಾಜಿನ ಎಳೆ ಕರಗಿಸಿ ಜೋಡಿಸ್ತಾರೆ. ಅಲೆ ಜೋರಿದ್ರೆ ಕಾಯ್ಬೇಕು, ಆ ದೇಶದ ಪರ್ಮಿಷನ್ ಬರದಿದ್ರೆ ಇನ್ನೂ ಕಾಯ್ಬೇಕು. 2022ರ ಜನವರಿ 15ಕ್ಕೆ ಪೆಸಿಫಿಕ್ ಸಾಗರದ ಟೋಂಗಾ ದ್ವೀಪದೇಶದಲ್ಲಿ ಜ್ವಾಲಾಮುಖಿ ಸಿಡಿದು ಹೊರಜಗತ್ತಿನ ಕೇಬಲ್ ತುಂಡಾದಾಗ ಸರಿ ಹೋಗೋಕೆ ಐದು ವಾರ ಹಿಡೀತು, ಅವ್ರಿಗೆ ಇದ್ದಿದ್ದೇ ಅದೊಂದು. ರಿಪೇರಿ ಹಡಗು ಪಪುವಾ ನ್ಯೂಗಿನಿಯಿಂದ ಬರ್ಬೇಕಾಯ್ತು.

ಪ್ರಶ್ನೆ: ಆಳಸಮುದ್ರಕ್ಕೆ ಹೋಗೋ ಟ್ರಾಲ್ ಬೋಟ್ ನಮ್ದು. ಬಲೆಗೆ ಇಂಥ ಕೇಬಲ್ ಸಿಕ್ಕಿದ್ರೆ ಏನ್ ಮಾಡೋದು? ಕೇಸ್ ಆಗತ್ತಾ? (ಮಲ್ಪೆಯ ಓದುಗರು)

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅತಿ ಮುಖ್ಯವಾದದ್ದು ಇದೇ. ಪ್ರಪಂಚದಲ್ಲಿ ವರ್ಷಕ್ಕೆ 150ರಿಂದ 200 ಕಡೆ ಕೇಬಲ್ ಹಾಳಾಗತ್ತೆ, ಅದರಲ್ಲಿ ಮುಕ್ಕಾಲು ಪಾಲು ಮೀನುಗಾರಿಕೆ ಬಲೆ ಮತ್ತೆ ಲಂಗರಿಂದ. ಹೆಚ್ಚಿನವ್ರು ಬೇಕಂತ ಮಾಡಲ್ಲ, ತಳದಲ್ಲಿ ಏನಿದೆ ಅಂತ ಮೇಲೆ ಕಾಣಲ್ಲ ಅಷ್ಟೆ. ದಡದ ಹತ್ರ ಕೇಬಲ್‌ಗೆ ಉಕ್ಕಿನ ತಂತಿ ಸುತ್ತಿ ಒಂದೆರಡು ಮೀಟರ್ ಹೂತಿರ್ತಾರೆ, ಆದ್ರೆ ತುಂಬಾ ಆಳದಲ್ಲಿ ಅದು ತೋಟಕ್ಕೆ ನೀರು ಬಿಡೋ ಪೈಪಿನಷ್ಟೇ ದಪ್ಪ, ತಳದ ಮೇಲೆ ಹಾಗೇ ಬಿದ್ದಿರತ್ತೆ.

ಬಲೆ ಸಿಕ್ಕಿ ಬಿಗಿಯಾದ್ರೆ ಇಂಜಿನ್ ಜೋರು ಮಾಡಿ ಎಳೀಬೇಡಿ, ಕೇಬಲ್ ಮೇಲೆ ಬಂದ್ರೂ ಕತ್ತರಿಸ್ಬೇಡಿ. ಬೆಳಕು ದೂರ ಹೋಗ್ತಾ ಮಂಕಾಗತ್ತೆ ಅಂತ 60ರಿಂದ 100 ಕಿಲೋಮೀಟರಿಗೊಂದು ರಿಪೀಟರ್ ಇಟ್ಟಿರ್ತಾರೆ, ಅದಕ್ಕೆ ಕರೆಂಟ್ ಕೊಡೋಕೆ ಅದೇ ಕೇಬಲಲ್ಲಿ ಸಾವಿರಾರು ವೋಲ್ಟ್ ಹರೀತಿರತ್ತೆ, ಮುಟ್ಟಿದ್ರೆ ಜೀವಕ್ಕೇ ಅಪಾಯ. ಎಳೆಯೋ ಹೊತ್ತಲ್ಲಿ ಬೋಟ್ ಮಗುಚೋ ಸಾಧ್ಯತೆನೂ ಇದೆ. ಬಲೆನೇ ಕಡಿದು ಬಿಡಿ, ತಂಡೇಲರು (ಬೋಟ್ ನಡೆಸೋರು) ಆ ಜಾಗದ ಜಿಪಿಎಸ್ ಮತ್ತೆ ಸಮಯ ಬರ್ಕೊಳ್ಳಲಿ, ವಿಎಚ್‌ಎಫ್ ರೇಡಿಯೋದ 16ನೇ ಚಾನೆಲಲ್ಲಿ ಇಲ್ಲಾ 1554ಕ್ಕೆ ಫೋನ್ ಮಾಡಿ ಕೋಸ್ಟ್ ಗಾರ್ಡಿಗೆ ತಿಳಿಸಿ.

ಲಕ್ಷಗಟ್ಟಲೆ ಬಲೆ ಹೋಯ್ತಲ್ಲ ಅಂತೀರಿ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು: ಭಾರತವೂ ಒಪ್ಪಿರೋ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 115ನೇ ವಿಧಿ ಪ್ರಕಾರ, ಮೊದಲೇ ಎಚ್ಚರ ವಹಿಸಿದ್ದೂ ಕೇಬಲ್ ಉಳಿಸೋಕೆ ಅಂತ ಬಲೆನೋ ಲಂಗರನ್ನೋ ಬಿಟ್ಟವ್ರಿಗೆ ಕೇಬಲ್ ಮಾಲೀಕರು ನಷ್ಟ ಕಟ್ಟಿಕೊಡ್ಬೇಕು. ಇದು ಸಮುದ್ರದ ಕೇಬಲ್ ಕಾಪಾಡೋ 1884ರ ಅಂತಾರಾಷ್ಟ್ರೀಯ ಒಪ್ಪಂದದಲ್ಲೂ ಇದೆ, ಬೋಟಲ್ಲಿದ್ದವ್ರ ಸಾಕ್ಷಿ ಸಮೇತ ಆಗ್ಲೇ ಬರೆದಿಟ್ಟು ದಡ ಸೇರಿದ 24 ಗಂಟೇಲಿ ಹೇಳಿಕೆ ಕೊಡ್ಬೇಕು ಅನ್ನುತ್ತೆ ಅದು. ಹಾಗಾಗಿ ಫೋಟೋ, ಜಿಪಿಎಸ್ ಟ್ರ್ಯಾಕ್ ಯಾವುದನ್ನೂ ಡಿಲೀಟ್ ಮಾಡ್ಬೇಡಿ. ಮೀನುಗಾರ ಸಂಘದವ್ರು ಕನ್ನಡದಲ್ಲೂ ತುಳುವಿನಲ್ಲೂ ಇದನ್ನ ಪ್ರಿಂಟ್ ಮಾಡಿ ಬಂದರಲ್ಲಿ ಅಂಟಿಸಿದ್ರೆ ಎಷ್ಟೋ ಉಪಕಾರ.

ಪ್ರಶ್ನೆ: ಶಾರ್ಕ್ ಕೇಬಲ್ ಕಚ್ಚತ್ತಂತೆ, ಹೌದಾ? (ಗದಗದ ಏಳನೇ ಕ್ಲಾಸ್ ಹುಡುಗ)

ಕಚ್ಚಿದ್ದು ಹೌದು ಪುಟ್ಟಾ, ವಿಡಿಯೋನೂ ಇದೆ. ಆದ್ರೆ ಹಾಳಾಗೋ ಕೇಬಲ್‌ಗಳಲ್ಲಿ ಮೀನಿಂದ ಆಗೋದು ನೂರಕ್ಕೆ ಒಂದೂ ಇಲ್ಲ.

ಪ್ರಶ್ನೆ: ಇಷ್ಟು ಉದ್ದದ ಕರಾವಳಿ ಇದ್ರೂ ಹೊರದೇಶದ ಕೇಬಲ್ ಮಂಗಳೂರಿಗೆ ಯಾಕೆ ಬರಲ್ಲ? (ಸುರತ್ಕಲ್ಲಿನ ಓದುಗರು)

ಟ್ರಾಯ್ (ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆ) ಲೆಕ್ಕದಂತೆ 2022ರ ಕೊನೇಲಿ ಭಾರತಕ್ಕೆ 17 ಅಂತಾರಾಷ್ಟ್ರೀಯ ಕೇಬಲ್ ಬರ್ತಿತ್ತು, ದಡ ಹತ್ತೋ 14 ಸ್ಟೇಷನ್‌ಗಳೂ ಮುಂಬೈ, ಚೆನ್ನೈ, ಕೊಚ್ಚಿ, ತೂತುಕುಡಿ, ತಿರುವನಂತಪುರ ಈ ಐದೇ ಊರಲ್ಲಿ. ಕೇಬಲ್ ಹಾಕೋರು ಗಿರಾಕಿ ಮತ್ತೆ ಡೇಟಾ ಸೆಂಟರ್ ಇರೋ ಕಡೆಗೇ ಹೋಗ್ತಾರೆ, ಕೇಬಲ್ ಇದೆ ಅಂತ ಇನ್ನಷ್ಟು ಡೇಟಾ ಸೆಂಟರ್ ಅಲ್ಲೇ ಬರತ್ತೆ, ಹೀಗೆ ಮುಂಬೈ ವರ್ಸೋವಾ ಸುತ್ತಮುತ್ತನೇ ದೊಡ್ಡ ಪಾಲು ಸೇರ್ಕೊಂಡಿದೆ. ಒಂದೇ ಕಡೆ ಇಷ್ಟೊಂದು ಇಡೋದು ದೇಶಕ್ಕೇ ಒಳ್ಳೇದಲ್ಲ, ಮಂಗಳೂರಿಗೆ ಒಂದು ಬರ್ಲೇಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ, ಬೆಂಗಳೂರು ಅಲ್ಲಿಂದ 350 ಕಿಲೋಮೀಟರ್ ಅಷ್ಟೇ. ಅದಕ್ಕಿಂತ ಅರ್ಜೆಂಟಾದದ್ದು ರಿಪೇರಿ ಹಡಗು. ನಾವು ಹೊರದೇಶದ ಹಡಗನ್ನೇ ನಂಬ್ಕೊಂಡಿದ್ದೀವಿ ಅಂತ, ಭಾರತದ್ದೇ ಧ್ವಜದ ಹಡಗು ಬೇಕು ಅಂತ ಟ್ರಾಯ್ 2023ರ ಜೂನಲ್ಲೇ ಶಿಫಾರಸು ಮಾಡಿದೆ. ನಿಮ್ಮ ಎಂಪಿ ಊರಿಗೆ ಬಂದಾಗ ಮಂಗಳೂರು ಸ್ಟೇಷನ್ ಜೊತೆಗೆ ಈ ಹಡಗಿನ ವಿಷಯನೂ ಕೇಳಿ.