ಅರವತ್ತೈದು ದಾಟಿದವರಿಗೆ ಟಾಪ್‌ಅಪ್ ವಿಮೆ ಸಿಗುತ್ತದೆಯೇ?

ಪ್ರಶ್ನೆ: ನನ್ನ ತಂದೆಯವರಿಗೆ 68 ವರ್ಷ, ಸಕ್ಕರೆ ಕಾಯಿಲೆಯಿದೆ. ಅವರಿಗಿರುವ 3 ಲಕ್ಷ ರೂಪಾಯಿಗಳ ಆರೋಗ್ಯ ವಿಮೆಯ ಮೇಲೆ ಟಾಪ್‌ಅಪ್ (ಇರುವ ವಿಮೆಯ ಮಿತಿ ಮೀರಿದ ಖರ್ಚಿಗೆ ಹೆಚ್ಚುವರಿ ವಿಮೆ) ಮಾಡಿಸಲು ವಿಚಾರಿಸಿದರೆ ವಯಸ್ಸು ಮೀರಿದೆ ಎನ್ನುತ್ತಾರೆ. ಇದು ನಿಜವೇ?

ಉತ್ತರ: ಆ ಒಂದು ಪಾಲಿಸಿಯ ಮಟ್ಟಿಗೆ ನಿಜವಿರಬಹುದು. ಆದರೆ ಎಲ್ಲ ವಯೋಮಾನದವರಿಗೂ ಆರೋಗ್ಯ ವಿಮೆಯನ್ನು ಒದಗಿಸಬೇಕೆಂಬ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮವು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿರುವುದರಿಂದ, ಬೇರೆ ಕಂಪನಿಗಳಲ್ಲಿ ತಪ್ಪದೆ ವಿಚಾರಿಸಿ. ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಮೊದಲೇ ಇದ್ದ ಕಾಯಿಲೆಗೆ ವಿಮೆಯ ರಕ್ಷಣೆ ಸಿಗಲು ಕಾಯಬೇಕಾದ ಅವಧಿ ಹೆಚ್ಚೆಂದರೆ 36 ತಿಂಗಳು, ಆದರೆ ಮುಚ್ಚಿಟ್ಟದ್ದು ಬಯಲಾದರೆ ಕ್ಲೇಮೇ ತಿರಸ್ಕೃತವಾಗಬಹುದು.

ಸಾಧ್ಯವಾದರೆ ಟಾಪ್‌ಅಪ್‌ಗಿಂತ ಸೂಪರ್ ಟಾಪ್‌ಅಪ್ ಆರಿಸಿಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ಡಿಡಕ್ಟಿಬಲ್, ಅಂದರೆ ಟಾಪ್‌ಅಪ್ ಹಣ ಕೊಡುವ ಮೊದಲು ನೀವು ಅಥವಾ ಮೂಲ ವಿಮೆ ಭರಿಸಬೇಕಾದ ಮೊತ್ತ, 3 ಲಕ್ಷವಿದ್ದು, ಒಂದೇ ವರ್ಷದಲ್ಲಿ ಎರಡು ಸಲ ಆಸ್ಪತ್ರೆಗೆ ಸೇರಿ ತಲಾ 2 ಲಕ್ಷ ಖರ್ಚಾಯಿತೆನ್ನಿ: ಪ್ರತಿ ಬಿಲ್ಲನ್ನೂ ಬೇರೆಯಾಗಿ ನೋಡುವ ಸಾಮಾನ್ಯ ಟಾಪ್‌ಅಪ್‌ನಿಂದ ಏನೂ ಬರುವುದಿಲ್ಲ, ವರ್ಷದ ಒಟ್ಟು ಖರ್ಚನ್ನು ಲೆಕ್ಕಕ್ಕೆ ಹಿಡಿಯುವ ಸೂಪರ್ ಟಾಪ್‌ಅಪ್‌ನಿಂದ 1 ಲಕ್ಷ ಬರುತ್ತದೆ. ಮಾರಾಟದ ಮಾತಿನ ಭರಾಟೆಯಲ್ಲಿ ಹಿರಿಯರಿಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳುವುದಿಲ್ಲವೆಂಬುದು ನೋವಿನ ಸಂಗತಿ.

70 ತುಂಬಿದವರು, ಆದಾಯ ಎಷ್ಟೇ ಇರಲಿ, ಕೇಂದ್ರ ಸರ್ಕಾರದ ಆಯುಷ್ಮಾನ್ ವಯ ವಂದನಾ ಕಾರ್ಡಿಗೆ ಅರ್ಹರಾಗಿದ್ದು, ಅದರಡಿ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಖಾಸಗಿ ವಿಮೆ ಇದ್ದರೂ ಅಡ್ಡಿಯಿಲ್ಲ. ವಯಸ್ಸಿಗೆ ಆಧಾರ್ ದಾಖಲೆಯೇ ಪ್ರಮಾಣವಾದ್ದರಿಂದ, ಅದರಲ್ಲಿ ಜನ್ಮದಿನಾಂಕ ತಪ್ಪಾಗಿದ್ದರೆ ಈಗಲೇ ತಿದ್ದಿಸಿಡಿ.